ಮಗುವಿನ ಖರ್ಚಿಗೆ ಅಡಿಕೆಯ ಅಂಗಳದಲ್ಲೇ ಲೆಕ್ಕ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸುವ ಸಾಮತಿ ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಮಗು ದೇವರ ವರದಾನ, ಅದಕ್ಕೆ ಲೆಕ್ಕ ಹಾಕುವುದು ವಿಶ್ವಾಸದ ಕೊರತೆ ಎಂದು ನಮ್ಮ ಕೆಲವು ಹಿರಿಯರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೊಳೆರೋಗ ಬರುವ ಮೊದಲೇ ಮೈಲುತುತ್ತು, ಸುಣ್ಣ ತಂದಿಡುವ ನಾವು ತೊಟ್ಟಿಲಿಗೆ ಮಾತ್ರ ಸಾಲ ಮಾಡಬೇಕೇ?

ಕಾಸರಗೋಡು, ಮಂಜೇಶ್ವರ ಕಡೆಯ ತೋಟದವರಿಗೆ ಸಂಬಳದವರಂತೆ ತಿಂಗಳು ತಿಂಗಳು ಹಣ ಬರುವುದಿಲ್ಲ. ನವೆಂಬರಿನ ಸುಮಾರಿಗೆ ಕೊಯ್ಲು, ಅಂಗಳದಲ್ಲಿ ಒಣಗಲು 40 ದಿನ, ಸುಲಿದು ಮಾರಿ ಕೈಗೆ ಕಾಸು ಬರುವಾಗ ಜನವರಿ. ಮೇ ತಿಂಗಳ ತನಕ ಪರವಾಗಿಲ್ಲ. ಜೂನಿನಿಂದ ಮದ್ದು ಬಿಡುವವರ ಸಂಬಳ, ಗೊಬ್ಬರ, ಮಕ್ಕಳ ಶಾಲೆ ಎಂದು ಎಲ್ಲವೂ ಹೊರಗೆ ಹೋಗುವ ಹಣವೇ. ಮಗುವಾದರೋ ಆಟಿ ತಿಂಗಳೆಂದು ಕಾಯುವುದಿಲ್ಲ.

ಆದ್ದರಿಂದ ಡಾಕ್ಟರು ಹೆರಿಗೆಯ ದಿನಾಂಕ ಹೇಳಿದೊಡನೆ ಅದು ಯಾವ ತಿಂಗಳಿಗೆ ಬೀಳುತ್ತದೆಂದು ನೋಡಿರಿ. ಮಳೆಗಾಲಕ್ಕೆ ಬಿದ್ದರೆ ಅಡಿಕೆಯನ್ನೆಲ್ಲ ಮಾರ್ಚಿನಲ್ಲೇ ಮಾರಿಬಿಡಬೇಡಿರಿ. ಪಟೋರ, ಕರಿಗೋಟು ಕೊಟ್ಟು ಅಂಗಡಿಯ ಬಾಕಿ ತೀರಿಸಿರಿ. ಒಂದೆರಡು ಗೋಣಿ ಒಳ್ಳೆಯ ಚಾಲಿಯನ್ನು ಹಲಗೆಯ ಮೇಲೆ, ತೇವ ತಾಗದಂತೆ ಬೇರೆ ಇಟ್ಟು, ಅದು ಮಗುವಿನದೆಂದು ಮನೆಯವರಿಗೆಲ್ಲ ಹೇಳಿರಿ. ಬರುವ ಬೆಳೆಯ ಮೇಲೆ ವ್ಯಾಪಾರಿಯಿಂದ ಮುಂಗಡ ತರುವುದು ಕೊನೆಯ ದಾರಿಯಾಗಲಿ. ಮುಂಗಡ ಕೊಟ್ಟವನೇ ಆಮೇಲೆ ದರವನ್ನೂ ಹೇಳುತ್ತಾನೆ.

ಸಾಲ ಕೇಳುವ ಮೊದಲು, ಯಾವುದಕ್ಕೆ ಹಣ ಬೇಡವೆಂದು ತಿಳಿದಿರಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ. ಔಷಧ, ರಕ್ತ, ಪರೀಕ್ಷೆ, ಊಟ, ವಾಹನ ಅದರಲ್ಲೇ ಸೇರಿವೆ. ಶಿಶುವಿಗೆ ಅಸೌಖ್ಯವಾದರೆ ಒಂದು ವರ್ಷದ ತನಕ ಚಿಕಿತ್ಸೆಯೂ ಹಾಗೆಯೇ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿರಿ. ಲಸಿಕೆಗಳಿಗೂ ಆರೋಗ್ಯ ಕೇಂದ್ರದಲ್ಲಿ ಹಣ ಕೊಡಬೇಕಾಗಿಲ್ಲ.

ನಮ್ಮವರಲ್ಲಿ ಅನೇಕರು ಹೆರಿಗೆಗೆ ಮಂಗಳೂರಿಗೆ ಹೋಗುತ್ತಾರೆ. ಹೋಗಬಾರದೆಂದಲ್ಲ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ವಾಹನಗಳೂ ನಿಂತದ್ದನ್ನು ನಾವು ಕಂಡಿದ್ದೇವೆ. ಈಚೆಯ ಆರೋಗ್ಯ ಕೇಂದ್ರದಲ್ಲೂ ಹೆಸರು ಬರೆಸಿ, ತಾಯಿ ಕಾರ್ಡು ಮಾಡಿಸಿಡಿರಿ. ಇನ್ನೊಂದು ಮಾತು: ಜನನ ನೋಂದಣಿಯಾಗುವುದು ಮಗು ಹುಟ್ಟಿದ ಊರಿನಲ್ಲಿ, 21 ದಿನಗಳೊಳಗೆ. ಸರ್ಟಿಫಿಕೇಟಿಗಾಗಿ ಮತ್ತೆ ಮತ್ತೆ ಬಸ್ಸು ಹತ್ತುವುದೂ ಖರ್ಚೇ.

ಯಾರೂ ಬರೆಯದ ಖರ್ಚೊಂದಿದೆ: ತಾಯಿಯ ದುಡಿಮೆ. ಹಾಲು ಕರೆಯುವವಳು, ಅಡಿಕೆ ಹೆಕ್ಕುವವಳು, ಹುಲ್ಲು ತರುವವಳು, ರಾತ್ರಿ ಕುಳಿತು ಸುಲಿಯುವವಳು ಅವಳೇ. ಕೊನೆಯ ತಿಂಗಳುಗಳಲ್ಲೂ ಬಾಣಂತನದಲ್ಲೂ ಆ ಕೆಲಸಕ್ಕೆ ಬೇರೆ ಜನ ಬೇಕು. ಒಂದು ದಿನದ ಸಂಬಳವನ್ನು 90ರಿಂದ ಗುಣಿಸಿ ನೋಡಿರಿ; ಆಸ್ಪತ್ರೆಯ ಬಿಲ್ಲಿಗಿಂತ ದೊಡ್ಡದಾದರೂ ಆಶ್ಚರ್ಯವಿಲ್ಲ. ಈ ಲೆಕ್ಕ ಹಾಕದ ಮನೆಯಲ್ಲಿ ಬಾಣಂತಿ ನಲವತ್ತನೇ ದಿನಕ್ಕೇ ಹಟ್ಟಿಗೆ ಇಳಿಯುತ್ತಾಳೆ. ಎದೆಹಾಲು ಕಡಿಮೆಯಾಗಿ ಡಬ್ಬದ ಹಾಲು ಬಂದರೆ, 400 ಗ್ರಾಮಿನ ಡಬ್ಬ ಮೂರು-ನಾಲ್ಕು ತಿಂಗಳ ಮಗುವಿಗೆ ಮೂರು-ನಾಲ್ಕು ದಿನವಷ್ಟೇ. ಆರು ತಿಂಗಳ ತನಕ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ರಾಗಿಮಣ್ಣಿ, ಗಂಜಿ, ಅಂಗನವಾಡಿಯ ಅಮೃತಂ ಪುಡಿ ಇವೆ.

ಚೊಚ್ಚಲ ಬಾಣಂತನ ತವರಿನದೆಂಬ ಪದ್ಧತಿ ಒಳ್ಳೆಯದೇ, ಹುಡುಗಿಗೆ ವಿಶ್ರಾಂತಿ ಸಿಗುತ್ತದೆ. ಆದರೆ ಅವಳ ಅಪ್ಪನೂ ಇಂಥದೇ ತೋಟದವನು. ಏಳನೇ ತಿಂಗಳಲ್ಲಿ ಎರಡು ಮನೆಯವರೂ ಕುಳಿತು, ಯಾರು ಏನು ಕೊಡುವುದೆಂದು ಬಾಯಿಬಿಟ್ಟು ಮಾತಾಡಿರಿ. ಜ್ಞಾನಸ್ನಾನದ ಊಟದ ವಿಷಯವನ್ನೂ ಆಗಲೇ ತೀರ್ಮಾನಿಸಿರಿ. ಸಂಸ್ಕಾರಕ್ಕೆ ಬೇಕಾದದ್ದು ನೀರು, ತೈಲ, ಬಿಳಿ ವಸ್ತ್ರ, ಮೊಂಬತ್ತಿ, ವಿಶ್ವಾಸವುಳ್ಳ ಜ್ಞಾನತಂದೆ-ತಾಯಿ. ಶಾಮಿಯಾನ, ವೀಡಿಯೋ, ಇನ್ನೂರು ಜನರ ಊಟ ಇಗರ್ಜಿ ಕೇಳಿದ್ದಲ್ಲ. ಸರ ಅಡವಿಟ್ಟು ಹಬ್ಬ ಮಾಡುವುದಕ್ಕಿಂತ ಪೂಜೆಯ ನಂತರ ನೆರೆಯವರಿಗೆ ಕಾಫಿ-ತಿಂಡಿ ಕೊಟ್ಟರೆ ಸಾಕೆಂದು ನಾನು ಹೇಳುವುದು ಕೆಲವರಿಗೆ ಹಿಡಿಸುವುದಿಲ್ಲ, ಇರಲಿ.

ಮುಂದಿನ ವರ್ಷಗಳಿಗಾಗಿ, ಹೆಣ್ಣು ಮಗುವಾದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ಮಗುವಿಗೆ ಹತ್ತು ತುಂಬುವ ಮೊದಲು ತೆರೆಯಬೇಕು, 15 ವರ್ಷ ಕಟ್ಟಬೇಕು, ವರ್ಷಕ್ಕೆ ಕನಿಷ್ಠ 250 ರೂಪಾಯಿ. ತಿಂಗಳು ತಿಂಗಳು ಕಟ್ಟಬೇಕೆಂದಿಲ್ಲ. ವರ್ಷಕ್ಕೊಮ್ಮೆ ಕಟ್ಟಿದರೂ ನಡೆಯುತ್ತದೆ. ಅಡಿಕೆ ಮಾರಿ ಬರುವ ದಾರಿಯಲ್ಲೇ, ಮಾರ್ಚ್ 31ರ ಮೊದಲು, ಕಟ್ಟಿ ಬನ್ನಿರಿ.