ಹುಲ್ಲಿನ ಪರಾಗ ಮತ್ತು ಎರಡು ಬಗೆಯ ಪ್ರತಿಕಾಯಗಳು

ಅಲರ್ಜಿಗೆಂದು ಚುಚ್ಚುಮದ್ದು ಆರಂಭಿಸಿದವರು ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆಯ ಚೀಟಿ ನೋಡಿ ಗಾಬರಿಯಾಗುವುದುಂಟು. ಇಳಿಯಬೇಕಾದ ಅಂಕಿ ಏರಿದೆ, ಸಂಬಳದ ದುಡ್ಡನ್ನು ಇನ್ನೇಕೆ ಸುರಿಯಬೇಕು ಎಂಬುದು ಅವರ ಪ್ರಶ್ನೆ. ಚಿಕಿತ್ಸೆ ಬಿಡುವ ಮೊದಲು ಆ ಅಂಕಿ ಏಕೆ ಏರುತ್ತದೆಂಬುದನ್ನು ನಾವು ತಿಳಿದುಕೊಳ್ಳೋಣ.

ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿ ಹುಲ್ಲು ಹೂಬಿಟ್ಟಾಗ ಅನೇಕರಿಗೆ ಸೀನು, ಮೂಗು ಸೋರುವುದು, ಕಣ್ಣುರಿ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಆ ಹುಲ್ಲಿನ ಪರಾಗದ ಸಾರವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಮೆಲ್ಲಮೆಲ್ಲನೆ ಪ್ರಮಾಣ ಏರಿಸಿದರು. ಪರಾಗದಲ್ಲಿ ವಿಷವಿದೆಯೆಂದು ಅವರ ಎಣಿಕೆ. ಎಣಿಕೆ ತಪ್ಪಾಗಿತ್ತು, ಮದ್ದು ಮಾತ್ರ ಸರಿಯಾಗಿತ್ತು!

ಪರಾಗದಲ್ಲಿ ವಿಷವಿಲ್ಲ. ನಮ್ಮ ದೇಹವೇ ಅದನ್ನು ಶತ್ರುವೆಂದು ಬಗೆದು ಐ-ಜಿ-ಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಇದನ್ನು 1966-67ರಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆಬೇರೆಯಾಗಿ ಕಂಡುಹಿಡಿದರು. ಈ ಪ್ರತಿಕಾಯವು ಮೂಗಿನ ಒಳಪದರದ ಕೆಲವು ಜೀವಕೋಶಗಳ ಮೈಮೇಲೆ ಕುಳಿತಿರುತ್ತದೆ. ಪರಾಗದ ಅಂಶ ಬಂದು ತಗುಲಿತೆಂದರೆ ಆ ಕೋಶ ಹಿಸ್ಟಮಿನ್ ಎಂಬ ರಸವನ್ನು ಹೊರಚೆಲ್ಲುತ್ತದೆ. ಸೀನು ಬರುವುದು ಅದರಿಂದ.

ಇನ್ನು ಚುಚ್ಚುಮದ್ದಿನ ವಿಷಯ. ಮೊದಲ ಕೆಲವು ವಾರ-ತಿಂಗಳುಗಳಲ್ಲಿ ಪರಾಗದ ಐ-ಜಿ-ಇ ಇಳಿಯುವುದಿಲ್ಲ, ಏರುತ್ತದೆ. ಇದು ಕೆಟ್ಟ ಗುರುತಲ್ಲ. ಅದೇ ಹೊತ್ತಿಗೆ ಐ-ಜಿ-ಜಿ ಜಾತಿಯ, ಅದರಲ್ಲಿಯೂ ಐ-ಜಿ-ಜಿ-4 ಎಂಬ, ಇನ್ನೊಂದು ಪ್ರತಿಕಾಯ ಹುಟ್ಟಿ ಹತ್ತಾರು ಪಟ್ಟು ಬೆಳೆಯುತ್ತದೆ. ಗಿರಣಿಯ ಗೇಟಿನ ಕಾವಲುಗಾರನಂತೆ ಇದು ಪರಾಗದ ಅಂಶವನ್ನು ಐ-ಜಿ-ಇಯ ಬಳಿಗೆ ಹೋಗಗೊಡದೆ ಮೊದಲೇ ಹಿಡಿದುಬಿಡುತ್ತದೆ. ಚಿಕಿತ್ಸೆ ಪಡೆದವರ ರಕ್ತದಲ್ಲಿ ಇಂತಹ ತಡೆಯುವ ಪ್ರತಿಕಾಯವಿದೆಯೆಂದು 1935ರಷ್ಟು ಹಿಂದೆಯೇ ನ್ಯೂಯಾರ್ಕಿನ ರಾಬರ್ಟ್ ಕುಕ್ ಮತ್ತು ಸಂಗಡಿಗರು ತೋರಿಸಿದ್ದರು. ಮುಂದೆ ವರ್ಷಗಳು ಕಳೆದಂತೆ ಐ-ಜಿ-ಇ ನಿಧಾನವಾಗಿ ಇಳಿಯುತ್ತದೆ. ಹುಲ್ಲು ಹೂಬಿಡುವ ಕಾಲದಲ್ಲಿ ಅದು ಮೊದಲಿನಂತೆ ಜಿಗಿಯುವುದೂ ಇಲ್ಲ. ಆದರೆ ಐ-ಜಿ-ಜಿ-4ರ ಅಂಕಿಯೊಂದನ್ನೇ ನೋಡಿ ಇಂಥವರಿಗೆ ಗುಣವಾಯಿತೆಂದು ಹೇಳಲಾಗದು. ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಚೆನ್ನಾಗಿ ತಡೆಯುತ್ತದೆ ಎನ್ನುವುದು ಮುಖ್ಯ. ಚಿಕಿತ್ಸೆ ನಿಂತ ಮೇಲೆ ಅದರ ಪ್ರಮಾಣ ತಗ್ಗಿದರೂ ತಡೆಯುವ ಶಕ್ತಿ ಬಹುಮಟ್ಟಿಗೆ ಉಳಿದಿರುವುದು ಕಂಡುಬಂದಿದೆ.

ಹಾಗಾದರೆ ಎಷ್ಟು ಕಾಲ? ಲಂಡನ್ನಿನಲ್ಲಿ 3-4 ವರ್ಷ ಹುಲ್ಲುಪರಾಗದ ಚುಚ್ಚುಮದ್ದು ಪಡೆದು ನಿಲ್ಲಿಸಿದವರಲ್ಲಿ ಮತ್ತೆ 3 ವರ್ಷ ಗುಣ ಉಳಿಯಿತೆಂದು 1999ರಲ್ಲಿ ವರದಿಯಾಯಿತು. 2 ವರ್ಷಕ್ಕೇ ನಿಲ್ಲಿಸಿದವರಲ್ಲಿ ಮರುವರ್ಷ ಗುಣ ಉಳಿಯಲಿಲ್ಲವೆಂದು 2017ರ ಇನ್ನೊಂದು ಪರೀಕ್ಷೆ ತಿಳಿಸಿತು. ಅರ್ಧಕ್ಕೆ ಬಿಟ್ಟರೆ ಅದುವರೆಗಿನ ಖರ್ಚೂ ನೀರಿನಲ್ಲಿ ಹೋಮ ಮಾಡಿದಂತೆ. ಮೂರು ವರ್ಷ ನಡೆಸಲು ಕೈಯಲ್ಲಿ ಆಗುತ್ತದೆಯೇ ಎಂಬುದನ್ನು ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳ್ಳೆಯದು.

ಚುಚ್ಚಿದ ಕೂಡಲೇ ಪಾಳಿಗೆ ಓಡಬಾರದು. ಅಪರೂಪಕ್ಕೆ ಉಸಿರು ಕಟ್ಟುವ ಅಪಾಯವಿರುವುದರಿಂದ ದವಾಖಾನೆಯಲ್ಲಿ ಅರ್ಧ ಗಂಟೆ ಕುಳಿತಿರಬೇಕು. ರಜೆಯ ಮರುದಿನ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುವ, ಹತ್ತಿಧೂಳಿನ ಕಾಯಿಲೆಯೇ ಬೇರೆ. ಅದಕ್ಕೆ ಈ ಚುಚ್ಚುಮದ್ದು ಉಪಯೋಗವಿಲ್ಲ. ಅಂಥವರು ಎದೆಯ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.