ನೋಟ ಪರರಿಚ್ಛೆ ಅಂದವರಿಗೆ ಮೈನೋವಿರಲಿಲ್ಲ

ಪುಟ್ಟಿ, ಕಳೆದ ಭಾನುವಾರ ನೀನು ಊಟಕ್ಕೆ ಬಂದಾಗ ನೋಡುತ್ತಲೇ ಇದ್ದೆ. ನಾನು ಸಾರು ಬಡಿಸಿ ಮುಗಿಸುವಷ್ಟರಲ್ಲಿ ನಿನ್ನ ಕೈ ನಾಲ್ಕು ಸಲ ಕತ್ತಿನ ಹಿಂದಕ್ಕೆ ಹೋಯಿತು. ಕುರ್ತಾದ ಒಳಗಿನ ಬೆರಳುಗುರಿನಷ್ಟು ಲೇಬಲ್ಲು ಚುಚ್ಚುತ್ತಿತ್ತು. "ಸುಮ್ಮನೆ ಕೂತು ಉಣ್ಣಬಾರದೇನೇ?" ಅಂದಳು ನಿಮ್ಮಮ್ಮ. ನೀನು ನಕ್ಕು ಕೈ ಇಳಿಸಿದೆ. ಆ ನಗು ನನಗೆ ಹೊಸದಲ್ಲ. ವರ್ಷಗಟ್ಟಲೆ ನಾನೂ ಅದನ್ನೇ ನಕ್ಕವಳು.

ನಿನಗಿರುವುದು ಫೈಬ್ರೊಮಯಾಲ್ಜಿಯಾ ಎಂದು ಡಾಕ್ಟರು ಹೇಳಿ ಇನ್ನೂ ಮೂರು ತಿಂಗಳು. ನನಗೆ ರುಮಟಾಯ್ಡ್ ಸಂಧಿವಾತ ಗಂಟುಬಿದ್ದು ಮೂವತ್ತು ವರ್ಷ ಆಯಿತು. ಕಾಯಿಲೆ ಬೇರೆ, ನೆಂಟಸ್ತಿಕೆ ಒಂದೇ. ಮಾತ್ರೆಯ ವಿಚಾರ ಡಾಕ್ಟರು ಹೇಳಿದ ಹಾಗೆ ಕೇಳು. ಆದರೆ ಬೆಳಿಗ್ಗೆ ಎದ್ದು ಏನು ಉಟ್ಟುಕೊಳ್ಳಬೇಕು ಅನ್ನುವುದನ್ನು ನನಗೆ ಯಾವ ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಕಲಿಯಲು ಹಿಡಿದ ವರ್ಷಗಳನ್ನು ನಿನಗೆ ಉಳಿಸಿಕೊಡೋಣ ಅಂತ ಈ ನಾಲ್ಕು ಮಾತು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಹೊಟ್ಟೆಗೆ ನಿನಗೆ ಬೇಕಾದ್ದು ತಿನ್ನು, ಮೈಮೇಲೆ ಮಾತ್ರ ನೋಡುವವರು ಮೆಚ್ಚುವಂಥದ್ದು ಹಾಕು ಅಂತ. ಆ ಗಾದೆ ಕಟ್ಟಿದವರು ಗಟ್ಟಿಮುಟ್ಟಾಗಿದ್ದಿರಬೇಕು. ನಾನು ಅದನ್ನು ಬಿಟ್ಟದ್ದು 1998ರ ಒಂದು ರಾತ್ರಿ.

ಮನೆಯಲ್ಲಿ ಮದುವೆ. ಒಂದು ಕಿಲೋ ಹತ್ತಿರ ತೂಗುವ ಜರಿಯ ಕಾಂಚೀಪುರಂ ಸೀರೆ, ಬೆನ್ನ ಕಡೆ ಏಳು ಹುಕ್ಕಿನ ರವಿಕೆ. ಬೆಳಿಗ್ಗೆ ಯಾರೋ ಹಾಕಿಕೊಟ್ಟರು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಚಾಪೆ ಹಾಸಿ ಉರುಳಿದ ಮೇಲೆ ನಾನೊಬ್ಬಳೇ ಕೋಣೆಯಲ್ಲಿ ಕೈ ಹಿಂದಕ್ಕೆ ತಿರುಚಲು ಹೋದರೆ ಭುಜ ಬೇಡ ಅನ್ನುತ್ತದೆ, ಬಾತ ಬೆರಳಿಗೆ ಹುಕ್ಕೇ ಸಿಗುವುದಿಲ್ಲ. ಮಲಗಿದವರನ್ನು ಎಬ್ಬಿಸಲು ನಾಚಿಕೆ. ಅರ್ಧ ಗಂಟೆ ಒದ್ದಾಡಿ, ಕೊನೆಗೆ ಬಾಳೆದಿಂಡಿನ ಕಟ್ಟು ಬಿಡಿಸಲು ತಂದಿದ್ದ ಕತ್ತರಿ ತೆಗೆದುಕೊಂಡು ರವಿಕೆಯ ಮುಂಭಾಗವನ್ನು ಕತ್ತಿನಿಂದ ಕೆಳಗಿನವರೆಗೆ ಸೀಳಿಬಿಟ್ಟೆ. ಹೊಸ ರೇಷ್ಮೆ. ಅತ್ತದ್ದೂ ಆಯಿತು, ಉಸಿರು ಬಿಟ್ಟದ್ದೂ ಆಯಿತು. ಮಾರನೆಯ ವಾರ ಆ ತುಂಡುಗಳನ್ನೇ ಚೆನ್ನೈಯ ನಮ್ಮ ಪಶ್ಚಿಮ ಮಾಂಬಲಂನ ದರ್ಜಿಯ ಮುಂದೆ ಹಾಕಿ, "ಇದನ್ನು ಮುಂದೆ ತೆರೆಯುವ ಹಾಗೆ ಹೊಲಿದುಕೊಡಪ್ಪ" ಅಂದೆ. ಅವನು ಕಾರಣ ಕೇಳಲಿಲ್ಲ. ಟೇಪು ತೆಗೆದ.

ಈಗ ನಿನ್ನ ಮಾತಿಗೆ ಬರೋಣ. ಬರೀ ಬಟ್ಟೆ ಸೋಕಿದರೆ ನೋಯುತ್ತದೆ ಅಂದರೆ ನಗುತ್ತಾರೆ ಅಂತ ಹೇಳಿದೆಯಲ್ಲ, ನಗುವವರು ನಗಲಿ. ನೋವಿನ ಸುದ್ದಿ ಹೊತ್ತೊಯ್ಯುವ ನರಮಂಡಲ ಅತಿ ಚುರುಕಾದಾಗ, ನೋಯಬಾರದ ಸ್ಪರ್ಶವೂ ನೋಯುತ್ತದೆ. ವೈದ್ಯರು ಇದಕ್ಕೆ ಅಲೋಡೈನಿಯಾ ಅನ್ನುತ್ತಾರೆ. ಇದು ನಿನ್ನ ಕಲ್ಪನೆಯೂ ಅಲ್ಲ, ನಾಜೂಕೂ ಅಲ್ಲ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ನಿನ್ನ ಕಾಯಿಲೆಯನ್ನು ಗುರುತಿಸಲು ಮೈಮೇಲೆ 18 ಜಾಗ ಗೊತ್ತುಮಾಡಿದರು. ಅದರಲ್ಲಿ 11 ಒತ್ತಿದರೆ ನೋಯಬೇಕು ಅನ್ನುವುದು ಆಗಿನ ಲೆಕ್ಕ. 2010ರ ಹೊಸ ಮಾನದಂಡದಲ್ಲಿ ಆ ಎಣಿಕೆ ಕೈಬಿಟ್ಟರು. ಆದರೂ ಆ ಹಳೆಯ ಚಿತ್ರವನ್ನು ಒಮ್ಮೆ ನೋಡು. ಕತ್ತಿನ ಬುಡ, ಭುಜದ ಮೇಲ್ಭಾಗ, ಎರಡನೇ ಪಕ್ಕೆಲುಬು, ಮೊಣಕೈ, ಸೊಂಟದ ಕೆಳಗೆ ಹಿಂಬದಿ, ತೊಡೆಯ ಹೊರಮೈ, ಮೊಣಕಾಲಿನ ಒಳಮೈ. ದರ್ಜಿಯ ಅಳತೆ ಪುಸ್ತಕ ತೆರೆದ ಹಾಗಿದೆ! ಬ್ರಾ ಪಟ್ಟಿ ಕೂರುವುದು, ಕಾಲರು ಉಜ್ಜುವುದು, ಪ್ಯಾಂಟು ಬಿಗಿಯುವುದು, ಬ್ಯಾಗು ನೇತಾಡುವುದು ಎಲ್ಲ ಅಲ್ಲೇ. ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಒಂದು ವಾರ, ಸಂಜೆ ಬಟ್ಟೆ ಬಿಚ್ಚಿದಾಗ ಎಲ್ಲಿ ಕೆಂಪು ಗೆರೆ ಬಿದ್ದಿದೆ, ಎಲ್ಲಿ ಹಾಯ್ ಅನ್ನಿಸಿತು ಅಂತ ಬರೆದಿಡು. ನಿನ್ನ ನಕ್ಷೆ ನೀನೇ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ನೋವಿದ್ದವರು ಸಡಿಲ ಬಟ್ಟೆ ಹಾಕಬೇಕು ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಪೂರ್ತಿ ನಿಜವಲ್ಲ. ಕೆಲವರಿಗೆ ಒಂದೇ ಸಮನೆ ಮೈಗೆ ಕೂತ ಮೆತ್ತನೆಯ ಬಟ್ಟೆಗಿಂತ, ಗಾಳಿಗೆ ಅಲ್ಲಾಡುತ್ತ ಸವರುವ ಬಟ್ಟೆಯೇ ಹೆಚ್ಚು ಹಿಂಸೆ. ನನಗೆ ಸಡಿಲವೇ ಸರಿ. ನಿನಗೆ ಹೊಲಿಗೆ ಕಾಣದ ಬನಿಯನ್ನಿನ ಮೇಲೆ ಕುರ್ತಾ ಹಾಕಿದರೆ ಹಿತವಾದೀತು. ಹಾಕಿ ನೋಡು, ಮೈಯೇ ಹೇಳುತ್ತದೆ.

ಬಟ್ಟೆ ಆರಿಸುವಾಗ ಚೆನ್ನೈಯನ್ನು ಮರೆಯಬೇಡ. ನೀನು ಧಾರವಾಡದವಳು, ಅಲ್ಲಿಯ ಒಣಗಾಳಿಯಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಮೇ ತಿಂಗಳ ಕತ್ತಿರಿ ಬಿಸಿಲಿನ ದಿನಗಳಲ್ಲಿ ಬೆವರು ಆರುವುದೇ ಇಲ್ಲ, ಮೈಮೇಲೆ ನಿಲ್ಲುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರು ಶೇ 1ರಷ್ಟೂ ಇಲ್ಲ. 2003ರ ಮೇ 31ರಂದು ಚೆನ್ನೈಯಲ್ಲಿ 45 ಡಿಗ್ರಿ ಮುಟ್ಟಿತ್ತು. ಇಸ್ತ್ರಿ ಬೇಡ ಅನ್ನುವ ಆಸೆಗೆ ಅವತ್ತು ಸಿಂಥೆಟಿಕ್ ಸೀರೆ ಉಟ್ಟಿದ್ದೆ. ಸಂಜೆಗೆ ಸೊಂಟದ ಸುತ್ತ ಚರ್ಮ ಸುಲಿದಿತ್ತು, ಕೀಲುನೋವೇ ವಾಸಿ ಅನ್ನಿಸಿತು.

ಹತ್ತಿ ಅಂದ ಮಾತ್ರಕ್ಕೆ ಎಲ್ಲವೂ ಮೆತ್ತಗಲ್ಲ. ಚೆಟ್ಟಿನಾಡು ಸೀರೆ ನೋಡಲು ಚೆಂದ, ನಾಲ್ಕು ಒಗೆತ ಕಾಣುವವರೆಗೆ ಒರಟು. ಮದುರೆಯ ಸುಂಗುಡಿ ಹಗುರ, ತೆಳು, ಉಟ್ಟದ್ದೇ ಮರೆತುಹೋಗುತ್ತದೆ. ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿ ಕೋ-ಆಪ್ಟೆಕ್ಸ್ ಇದೆಯಲ್ಲ, 1935ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘ, ಅಲ್ಲಿಗೆ ವಾರದ ನಡುವೆ ಬೆಳಿಗ್ಗೆ ಹೋಗು. ಭಾನುವಾರ ಸಂಜೆ ರಂಗನಾಥನ್ ಬೀದಿಗೆ ಮಾತ್ರ ಹೋಗಬೇಡ. ಆ ನೂಕುನುಗ್ಗಲಿನಲ್ಲಿ ಹೊಸ ಬಟ್ಟೆಗಿಂತ ಮೊದಲು ಹೊಸ ನೋವು ಸಿಗುತ್ತದೆ. ನೂಲಿನ ನಂಬರು ಕೇಳು. ನಂಬರು ಏರಿದಷ್ಟೂ ಎಳೆ ಸಣ್ಣ. ಬಟ್ಟೆಯನ್ನು ಅಂಗೈಯಿಂದ ನೋಡಬೇಡ, ಅಂಗೈ ದಪ್ಪ ಚರ್ಮ, ಸುಳ್ಳು ಹೇಳುತ್ತದೆ. ಮೊಣಕೈಯ ಒಳಮಡಿಕೆಗೆ, ಕತ್ತಿನ ಪಕ್ಕಕ್ಕೆ ಸವರಿ ನೋಡು. ಒಳಗೆ ತಿರುಗಿಸಿ ಹೊಲಿಗೆ ನೋಡು. ಮನೆಗೆ ತಂದ ಮೇಲೆ ಎರಡು ಸಲ ಒಗೆದೇ ಹಾಕು. ಗಂಜಿ ಬೇಡ. ಗಂಜಿ ಹಾಕಿದ ಸೀರೆಯ ನೆರಿಗೆ ನಿಲ್ಲುತ್ತದೆ ನಿಜ, ಆದರೆ ಅಂಚು ಗರಗಸವಾಗುತ್ತದೆ. ನಿನ್ನ ಕುರ್ತಾದ ಆ ಲೇಬಲ್ಲನ್ನು ಕತ್ತರಿಸಬೇಡ, ಬುಡ ಉಳಿದು ಇನ್ನೂ ಚುಚ್ಚುತ್ತದೆ. ಹೊಲಿಗೆಯ ದಾರವನ್ನೇ ಬಿಡಿಸು.

ರೇಷ್ಮೆ ಬಿಡಬೇಕು ಅಂತಲೂ ಇಲ್ಲ. ಹಬ್ಬಕ್ಕೆ ನನ್ನ ಹತ್ತಿರ ಈಗಿರುವುದು ನಮ್ಮ ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿಯವರ ಕಾಲಕ್ಕೆ ಶುರುವಾದ ಕಾರ್ಖಾನೆಯ ಕ್ರೇಪು. ಕಾಂಚೀಪುರಂ ಮೈಮೇಲೆ ನಿಲ್ಲುತ್ತದೆ, ಮೈಸೂರು ಮೈಮೇಲೆ ಇಳಿಯುತ್ತದೆ. ನೋವಿದ್ದವರಿಗೆ ಇಳಿಯುವುದೇ ಬೇಕು.

ಇನ್ನು ಲಾಡಿ. ಬಿಗಿಯಾದ ದಾರವನ್ನು ನಾವು ಹೆಂಗಸರು ಹುಟ್ಟಿದಾಗಿನಿಂದ ಸಹಿಸಿಕೊಂಡು ಬಂದಿದ್ದೇವೆ. ಲೆಕ್ಕ ಸುಲಭ: ಅರ್ಧ ಇಂಚಿನ ಲಾಡಿ ಒತ್ತುವ ಬಲವನ್ನೇ ಎರಡು ಇಂಚಿನ ಪಟ್ಟಿಗೆ ಹಂಚಿದರೆ ಒಂದೊಂದು ಜಾಗಕ್ಕೆ ಬೀಳುವುದು ಕಾಲು ಭಾಗ. ಸೊಂಟದ ಬಳಿ ಬಿಗಿದರೆ ತೊಡೆಯ ಹೊರಮೈಗೆ ಹೋಗುವ ನರ ಒತ್ತಿ ಉರಿ, ಜೋಮು ಬರುವುದುಂಟು. ಬಿಗಿ ಜೀನ್ಸು, ಬೆಲ್ಟಿನವರಿಗೂ ಇದು ಬರುತ್ತದೆ. ವರ್ಷಾನುಗಟ್ಟಲೆ ಒಂದೇ ಕಡೆ ಉಜ್ಜಿದ ಗಾಯ, ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಿದ್ದೂ ಇದೆ. 1945ರಲ್ಲೇ ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಧೋತರ ಕಟ್ಟುವ ಜಾಗದ ಕ್ಯಾನ್ಸರ್ ಬಗ್ಗೆ ಬರೆದಿದ್ದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಸೊಂಟಕ್ಕೆ ಬಿಗಿದ ಲಂಗದ ಲಾಡಿ ಇಲ್ಲವೇ ಸೀರೆಯಿಂದ ಹಾಗಾದ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದರು. ಹೆದರಿಸಲು ಹೇಳುತ್ತಿಲ್ಲ. ಸೊಂಟದ ಮೇಲಿನ ಗಾಯ ಮಾಯದಿದ್ದರೆ ಅರಿಶಿನ ಮೆತ್ತಿ ಕೂರಬೇಡ, ಡಾಕ್ಟರಿಗೆ ತೋರಿಸು. ಲಾಡಿ ಕಿತ್ತು ಅಗಲ ಪಟ್ಟಿ ಹೊಲಿಸು.

ಚೆನ್ನೈ ನಮಗೆ ಕೊಟ್ಟ ದೊಡ್ಡ ಸವಲತ್ತು ಅಂದರೆ ಬೀದಿಗೊಬ್ಬ ದರ್ಜಿ. ಸಿದ್ಧ ಉಡುಪು ಎಲ್ಲರ ಅಳತೆಗೆ, ದರ್ಜಿ ನಿನ್ನೊಬ್ಬಳ ಅಳತೆಗೆ. ನಮ್ಮವನು ನನಗೆ ಮಾಡಿಕೊಟ್ಟದ್ದನ್ನು ಹೇಳುತ್ತೇನೆ, ನಿನ್ನವನಿಗೂ ಹೇಳು. ರವಿಕೆಗೆ ಮುಂದೆ ತೆರಪು. ಮೇಲೆ ಚೆಂದಕ್ಕೆ ಗುಂಡಿ, ಅಡಿಯಲ್ಲಿ ವೆಲ್ಕ್ರೋ. ವೆಲ್ಕ್ರೋದ ಒರಟು ಭಾಗ ಮೈ ಕಡೆ ಬರಬಾರದು. ತೋಳಿನ ಕಂಕುಳಿಗೆ ಒಂದು ಚೌಕ ಬಟ್ಟೆ ಸೇರಿಸಿದರೆ ಕೈ ಪೂರ್ತಿ ಎತ್ತದೆಯೇ ತೂರುತ್ತದೆ. ಕುರ್ತಾ ತಲೆಯ ಮೇಲಿನಿಂದ ಎಳೆದುಕೊಳ್ಳುವಂಥದ್ದು ಬೇಡ, ಶರಟಿನ ಹಾಗೆ ಮುಂದೆ ಬಿಚ್ಚುವಂಥದ್ದು. ಜಿಪ್ಪಿಗೆ ಒಂದು ಬೆರಳು ತೂರುವಷ್ಟು ಉಂಗುರ. ಸೀರೆ ಉಡಲೇಬೇಕಾದ ದಿನಕ್ಕೆ ನೆರಿಗೆಯನ್ನು ಮೊದಲೇ ಹೊಲಿದಿಟ್ಟ ಒಂದು ಸೀರೆ. ಹಾಕುವಾಗ ನೋವು ಹೆಚ್ಚಿರುವ ಕೈಯನ್ನು ಮೊದಲು ತೂರಿಸು, ಬಿಚ್ಚುವಾಗ ಕೊನೆಗೆ.

ಕಾಲಿಗೆ? ಈ ಊರಿನ ಚಪ್ಪಲಿ ಅಂಗಡಿಗಳಲ್ಲಿ ಎಂಸಿಆರ್ ಅಂತ ಕೇಳಿದರೆ ಮೆತ್ತನೆಯ ಚಪ್ಪಲಿ ತೆಗೆದುಕೊಡುತ್ತಾರೆ. ಸಕ್ಕರೆ ಕಾಯಿಲೆಯವರು ಹಾಕುವಂಥದ್ದು. ಮೈಕ್ರೋಸೆಲ್ಯುಲಾರ್ ರಬ್ಬರು. ಅದರ ಹಿಂದೆ ಒಂದು ಕಥೆಯಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಕಾಲು ಹುಣ್ಣಾಗುವುದು ರೋಗದಿಂದಷ್ಟೇ ಅಲ್ಲ, ನೋವೇ ತಿಳಿಯದೆ ಕಲ್ಲುಮುಳ್ಳು ತುಳಿಯುವುದರಿಂದ ಎಂದು ಕಂಡುಕೊಂಡರು. ಅಂಥ ಪಾದಗಳಿಗೆಂದು ವೆಲ್ಲೂರು, ಕರಿಗಿರಿಗಳಲ್ಲಿ ಈ ರಬ್ಬರಿನ ಪಾದರಕ್ಷೆ ಬಳಕೆಗೆ ಬಂತು. ನೋವೇ ಇಲ್ಲದವರಿಗೆ ಮಾಡಿದ್ದನ್ನು ನೋವು ವಿಪರೀತವಾದ ನಾವು ಹಾಕಿಕೊಂಡು ಓಡಾಡುತ್ತಿದ್ದೇವೆ. ನೋವು ಬೇಡ ಅಂತ ದೇವರಿಗೆ ಬೈಯುವಾಗೆಲ್ಲ ನನಗೆ ಆ ಪಾದಗಳು ನೆನಪಾಗುತ್ತವೆ. ಬೈಗುಳ ಬಾಯಲ್ಲೇ ನಿಲ್ಲುತ್ತದೆ.

ಹೊರಗೆ ಬೆಂಕಿ, ಓಎಂಆರ್ ರಸ್ತೆಯ ನಿನ್ನ ಎ.ಸಿ. ಆಫೀಸಿನೊಳಗೆ ಹಿಮಾಲಯ. ಮಾರ್ಗಳಿ ತಿಂಗಳಲ್ಲಿ ಸಂಗೀತ ಸಭಾಗಳೂ ಹಾಗೆಯೇ; ಅರ್ಧ ಕಛೇರಿ ಮುಗಿಯುವಷ್ಟರಲ್ಲಿ ನನ್ನ ಮೊಣಕಾಲು ಮರವಾಗಿರುತ್ತದೆ. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಹತ್ತಿ ಪದರ ಲೇಸು. ಚೀಲದಲ್ಲಿ ಒಂದು ಹಳೆಯ ದುಪಟ್ಟಾ, ಒಂದು ಜೊತೆ ಕಾಲುಚೀಲ ಇರಲಿ. ಆ ಚೀಲವನ್ನು ಒಂದೇ ಭುಜಕ್ಕೆ ಹಾಕಬೇಡ. ಬೆರಳು ಬಾತರೆ ಉಂಗುರ ಅವತ್ತೇ ತೆಗೆದಿಡು, ಸಂಪ್ರದಾಯಕ್ಕೆ ಬೆರಳೇನೂ ಕಾಣಿಕೆಯಲ್ಲ.

ಜನ ಏನಂತಾರೆ ಅನ್ನುವುದು ಕೊನೆಯ ಮುಳ್ಳು. ಅದಕ್ಕೂ ಚೆನ್ನೈಯೇ ಉತ್ತರ ಕೊಟ್ಟಿದೆ. ಈ ಊರಿನ ಗಂಡಸರಿಗೆ ವೇಷ್ಟಿ, ಅಂದರೆ ಪಂಚೆ, ಜಾರುತ್ತದೆ ಅಂತ ಕಂಪನಿಯವರು ವೆಲ್ಕ್ರೋ ಹಚ್ಚಿ, "ಒಟ್ಟಿಕೋ, ಕಟ್ಟಿಕೋ" ಅಂತ ಮಾರಿದರು. ಮದುಮಗನಿಂದ ಮಂತ್ರಿಯವರೆಗೆ ಯಾರು ಉಟ್ಟರೂ ಅದು ಸೌಕರ್ಯ. ನಾವು ರವಿಕೆಗೆ ಅದೇ ವೆಲ್ಕ್ರೋ ಹಚ್ಚಿದರೆ ಮಾತ್ರ "ಪಾಪ" ಅನ್ನಬೇಕೆ? ಬೆಳಗ್ಗೆ ನೈಟಿಯ ಮೇಲೊಂದು ಟವೆಲು ಹೊದ್ದು ಆವಿನ್ ಬೂತಿಗೆ ಹಾಲಿಗೆ ಬರುವ ನಮ್ಮ ಬೀದಿಯ ಮಾಮಿಯರನ್ನು ನೋಡು. ಯಾರನ್ನೂ ಕೇಳದೆ ಮೈಗೆ ಹಿತವಾದದ್ದನ್ನು ಅವರು ಬೀದಿಯ ಮರ್ಯಾದೆಯ ಉಡುಪೇ ಮಾಡಿಬಿಟ್ಟಿದ್ದಾರೆ.

ದಿನಕ್ಕೆ ನಮ್ಮ ಕೈಗಿರುವ ಶಕ್ತಿ ಇಷ್ಟೇ, ಪುಟ್ಟಿ. ಅದರಲ್ಲಿ ಅರ್ಧವನ್ನು ಹುಕ್ಕಿಗೆ ಸುರಿದರೆ ಉಳಿದ ಅರ್ಧದಲ್ಲಿ ನೀನು ಬರೆಯಬೇಕು, ನಗಬೇಕು, ಬಸ್ಸು ಹಿಡಿಯಬೇಕು. ಬಟ್ಟೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ. ಕಾಯಿಲೆಗೆ ಬಟ್ಟೆಯ ಹಿಂಸೆ ಸೇರದಂತೆ ನೋಡಿಕೊಳ್ಳಬಹುದು, ಅದು ನಿನ್ನ ಕೈಯಲ್ಲಿದೆ.

ಬರುವ ಭಾನುವಾರ ಬರುವಾಗ ಆ ಕುರ್ತಾ ತೆಗೆದುಕೊಂಡು ಬಾ. ನನ್ನ ಬೆರಳಿಗೆ ಸೂಜಿ ಹಿಡಿಯಲು ಆಗದು, ಆದರೆ ನನಗೆ ಕನ್ನಡಕ ಇದೆ, ನಿನಗೆ ಬೆರಳಿದೆ. ಊಟಕ್ಕೆ ಮೊದಲು ಆ ಲೇಬಲ್ಲು ಬಿಡಿಸೋಣ.