ಹೃದಯದಲ್ಲಿ ತೂತು ಎಂದರೆ, ಎಲ್ಲಿ ಎಂದು ಕೇಳಿ

ಕಾರ್ಕಳದ ಗೊಮ್ಮಟಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಇಪ್ಪತ್ತೈದರ ಹುಡುಗನಿಗೆ ಏದುಸಿರು ಬಂದರೆ ಮನೆಯವರು ‘ರಕ್ತ ಕಡಿಮೆ’ ಎನ್ನುತ್ತಾರೆ. ಇರಬಹುದು. ಜತೆಗೆ ಎದೆಬಡಿತ ಆಗಾಗ ಏರುಪೇರಾಗುತ್ತಿದ್ದರೆ ಇಸಿಜಿ, ಎಕೋ ಮಾಡಿಸಿ. ಹೃದಯದಲ್ಲಿ ಹುಟ್ಟಿನಿಂದಲೇ ಇರುವ ತೂತು ಯೌವನದವರೆಗೆ ಸುದ್ದಿಯಿಲ್ಲದೆ ಇರುವುದುಂಟು.

ಮೇಲಿನ ಎರಡು ಕೋಣೆಗಳ ನಡುವೆ ತೂತಿದೆ ಎಂದರೆ ಮೊದಲು ಜಾಗ ಕೇಳಿ. ಗೋಡೆಯ ಮಧ್ಯೆ ಇದ್ದು, ಸುತ್ತ ಸಾಕಷ್ಟು ಅಂಚಿದ್ದರೆ ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ತೂರಿಸಿ, ಎರಡು ತಟ್ಟೆಯ ಸಾಧನ ಕೂರಿಸಿ ಮುಚ್ಚುತ್ತಾರೆ. ಇನ್ನೊಂದು ಅಪರೂಪದ ಬಗೆ ‘ಸೈನಸ್ ವಿನೋಸಸ್’. ಇದು ಹೆಚ್ಚಾಗಿ ಮೇಲಿನ ಮಹಾಸಿರೆ ಹೃದಯ ಸೇರುವಲ್ಲಿರುತ್ತದೆ. ಬಲ ಶ್ವಾಸಕೋಶದಿಂದ ಶುದ್ಧರಕ್ತ ತರುವ ನಾಳವೂ ಸಾಮಾನ್ಯವಾಗಿ ದಾರಿತಪ್ಪಿ ಅಲ್ಲೇ ಬಂದು ಕೂಡಿರುತ್ತದೆ. ತಟ್ಟೆ ಹಿಡಿದು ನಿಲ್ಲಲು ಅಂಚೇ ಇಲ್ಲ. ಎದೆಯ ಮೇಲಿಂದ ಮಾಡುವ ಎಕೋದ ಕಣ್ಣಿಗೆ ಇದು ಬೀಳದೇ ಹೋಗಬಹುದು. ‘ಹೃದಯದ ಬಲಭಾಗ ಹಿಗ್ಗಿದೆ, ಕಾರಣ ಕಾಣುತ್ತಿಲ್ಲ’ ಎಂಬ ವರದಿ ಹಿಡಿದು ಸುಮ್ಮನೆ ಮನೆಗೆ ಬರಬೇಡಿ. ಅನ್ನನಾಳದ ಮೂಲಕ ಮಾಡುವ ಎಕೋ, ಸಿಟಿ ಬೇಕೇ ಎಂದು ಕೇಳಿ.

ಬಹುಕಾಲ ಈ ಬಗೆಯ ತೂತಿಗೆ ತೆರೆದ ಹೃದಯದ ಆಪರೇಷನ್ನೇ ದಾರಿಯಾಗಿತ್ತು. ಈಗ ಕೆಲವರಿಗೆ ಪದರ ಹೊದಿಸಿದ ಸ್ಟೆಂಟನ್ನು ಮಹಾಸಿರೆಯಲ್ಲಿ ಕೂರಿಸುತ್ತಾರೆ. ಅಶುದ್ಧ ರಕ್ತ ಸ್ಟೆಂಟಿನೊಳಗಿಂದ ಬಲಕೋಣೆಗಿಳಿಯುತ್ತದೆ. ಶ್ವಾಸಕೋಶದ ರಕ್ತ ಅದರ ಹಿಂಬದಿಯಿಂದ, ಅದೇ ತೂತಿನ ಮೂಲಕ ಎಡಕೋಣೆಗೆ ಹೋಗುತ್ತದೆ. ದೋಷವನ್ನೇ ದಾರಿ ಮಾಡಿದ ಜಾಣತನ ಇದು. ಸ್ಟೆಂಟ್ ಕೂರಿಸುವ ಮೊದಲು ಅಲ್ಲಿ ಬಲೂನ್ ಉಬ್ಬಿಸಿ ನೋಡುತ್ತಾರೆ. ಶ್ವಾಸಕೋಶದ ನಾಳ ಅದುಮಿಹೋಗುವಂತಿದ್ದರೆ ಆಪರೇಷನ್ನೇ ಸರಿ. ಆಗ ಸ್ಟೆಂಟಿಗಾಗಿ ಹಟ ಹಿಡಿಯಬೇಡಿ.

ಇನ್ನು ಖರ್ಚಿನ ಮಾತು. ಕಾರ್ಕಳ ಬಳಿಯ ಬಜಗೋಳಿಯಂಥ ಊರಿನವರು ಸರಕಾರಿ ನೆರವಿನ ಕಾಗದಪತ್ರದ ಕೆಲಸವನ್ನು ಕಾರ್ಕಳ ತಾಲೂಕು ಆಸ್ಪತ್ರೆಯಿಂದ ಶುರುಮಾಡುವುದು ಒಳ್ಳೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದ ಮಿತಿಯಲ್ಲಿ. ಸರಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಮಣಿಪಾಲಕ್ಕೋ ಮಂಗಳೂರಿಗೋ ಹೋದರೆ ಕೌಂಟರಿನಲ್ಲಿ ತೊಡಕಾಗಬಹುದು. ಈ ಸ್ಟೆಂಟಿನ ಬೆಲೆ ಪ್ಯಾಕೇಜಿಗೆ ಸೇರುತ್ತದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಮಕ್ಕಳ ಹೃದಯದೋಷಕ್ಕೆ ನೆರವಾಗುವ ಸರಕಾರಿ ಯೋಜನೆ 18 ವರ್ಷದವರೆಗೆ ಮಾತ್ರ. ಕೂರಿಸುವುದು ಲೋಹದ ಸಾಧನವಾದ್ದರಿಂದ, ನಿಕಲ್ ಅಲರ್ಜಿ ಇದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಿ.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವೈದ್ಯರು ಒಪ್ಪುವವರೆಗೆ ಅಡಿಕೆ ಗೋಣಿ ಹೊರುವುದು, ಮರ ಹತ್ತುವುದು ಬೇಡ. ಮೊದಲ ಆರು ತಿಂಗಳಲ್ಲಿ ಹಲ್ಲು ಕೀಳಿಸಬೇಕಾದರೆ ದಂತವೈದ್ಯರಿಗೆ ಸ್ಟೆಂಟಿನ ವಿಷಯ ಹೇಳಿ. ಎದೆನೋವು, ತಲೆಸುತ್ತು, ಹಠಾತ್ ಉಬ್ಬಸ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಮುಂಬಯಿಗೋ ದುಬೈಗೋ ಕೆಲಸಕ್ಕೆ ಹೊರಟರೆ ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಬ್ಯಾಗಿನಲ್ಲಿರಲಿ.